ಕಡಲಿಲ್ಲದ ಕೋರಮಂಡಲ್‌ನ ನೀರು

ಬಂಗಾರಪೇಟೆಯಿಂದ ಮಾರಿಕುಪ್ಪಮ್‌ಗೆ ಹೋಗುವ ಕವಲು ರೈಲು ದಾರಿಯಲ್ಲಿ ಕೋರಮಂಡಲ್ ಎಂಬ ನಿಲ್ದಾಣವಿದೆ. ಹೆಸರು ಓದಿದವರಿಗೆ ಕಡಲು ನೆನಪಾಗಬೇಕು. ಚೋಳಮಂಡಲವೆಂಬ ಕರಾವಳಿಯ ಹೆಸರು ಯುರೋಪಿನ ವ್ಯಾಪಾರಿಗಳ ಬಾಯಲ್ಲಿ ಹೊರಳಿ ಕೋರಮಂಡಲ್ ಆಯಿತು. ಆ ಹೆಸರನ್ನು ಹೊತ್ತ ಚಿನ್ನದ ಗಣಿಯೊಂದು ಇಲ್ಲಿತ್ತು, ಗಣಿಯ ಹೆಸರು ನಿಲ್ದಾಣಕ್ಕೆ ಉಳಿಯಿತು. ಆದರೆ ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಸುತ್ತ ಕಾಣುವುದು ಕಲ್ಲುಗುಡ್ಡ, ನೀಲಗಿರಿ ತೋಪು, ಗಣಿಯ ಬೂದು ಮಣ್ಣಿನ ದಿಬ್ಬಗಳು.

ಆ ಕರಾವಳಿಗೂ ಈ ಊರಿಗೂ ಹೆಸರಿನದಲ್ಲದ ಸಂಬಂಧವೊಂದು ಇದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಪಾಲಾರ್, ಕೋಲಾರದ ಕೆರೆಗಳನ್ನು ಒಂದೊಂದಾಗಿ ತುಂಬಿಸುತ್ತಾ, ಕೆಜಿಎಫ್‌ಗೆ ಹತ್ತಿರದ ಬೇತಮಂಗಲವನ್ನು ದಾಟಿ, ಆಂಧ್ರದಲ್ಲಿ ಸ್ವಲ್ಪ ದೂರ, ತಮಿಳುನಾಡಿನಲ್ಲಿ ಬಹಳ ದೂರ ಹರಿದು, ಚೆನ್ನೈನ ದಕ್ಷಿಣಕ್ಕೆ, ಕಲ್ಪಾಕ್ಕಮ್ ಬಳಿ ಕೋರಮಂಡಲ್ ಕಡಲನ್ನು ಸೇರುತ್ತದೆ. ಒಟ್ಟು 348 ಕಿಲೋಮೀಟರಿನಲ್ಲಿ ಕರ್ನಾಟಕದ ಪಾಲು 93. ಹರಿಯುತ್ತದೆ ಎಂದೆ, ಹಲವು ವರ್ಷ ಅದು ಹರಿಯುವುದೇ ಇಲ್ಲ. ಹೊಳೆ ಅನ್ನುವುದಕ್ಕಿಂತ ಕೆರೆಗಳ ಸರಣಿ ಅನ್ನುವುದೇ ಸರಿ.

ಈ ಒಣ ಸೀಮೆ ಕುಡಿಯುವ ನೀರನ್ನು ಹೇಗೆ ಪಡೆಯಿತು, ಯಾವುದನ್ನು ಒಳ್ಳೆಯ ನೀರೆಂದು ಕರೆಯಿತು, ಹಾಗೆ ಕರೆಯಲು ಯಾವ ಕಣ್ಣನ್ನು ಬಳಸಿತು ಎಂಬುದು ಈ ಬರಹದ ವಿಷಯ. ಬೆಂಗಳೂರಿನ ಚರಂಡಿ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಈ ಪ್ರಶ್ನೆ ಮತ್ತೆ ಎದ್ದಿದೆ. ಜಗಳದಲ್ಲಿ ಎರಡೂ ಕಡೆಯವರು ಜೀವಾಣುಗಳ ಬಗ್ಗೆ ಮಾತಾಡುತ್ತಾರೆ. ಆ ಜೀವಾಣುಗಳ ಚರಿತ್ರೆ ಮಾತ್ರ ಯಾರ ಮಾತಿನಲ್ಲೂ ಬರುವುದಿಲ್ಲ.

ಬೇತಮಂಗಲದಿಂದ ಶುರುಮಾಡಬಹುದು. ಹಳೆಯ ಹೆಸರು ವಿಜಯಾದಿತ್ಯಮಂಗಲ. ಅಲ್ಲಿನ ಶಾಸನಗಳ ಪ್ರಕಾರ ಒಡೆದುಹೋದ ಕೆರೆಯನ್ನು 10ನೇ ಶತಮಾನದಲ್ಲಿ ನೊಳಂಬರು ಕಟ್ಟಿಸಿದರು. 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯ ಮತ್ತೆ ಸರಿಪಡಿಸಿದ. ಕೋಲಾರದ ಕೆರೆಗಳ ಚರಿತ್ರೆ ಎಂದರೆ ಬಹುಪಾಲು ಇದೇ: ಒಡೆದದ್ದು, ಕಟ್ಟಿದ್ದು. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಪಾಳಿಯ ಪ್ರಕಾರ ನೀರು ಬಿಡುವ ನೀರುಗಂಟಿ, ಇವಿಷ್ಟು ಇದ್ದರೆ ಕೆರೆ. ನೀರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಕಣ್ಣು, ಮೂಗು, ನಾಲಿಗೆ ಹೇಳುತ್ತಿದ್ದವು. ಬೇಳೆ ಬೇಯುವ ನೀರು ಸಿಹಿನೀರು, ಬೇಯದ್ದು ಸವುಳು. ಇದು ಕಡಿಮೆ ಪರೀಕ್ಷೆಯೇನಲ್ಲ. ಆದರೆ ವಾಂತಿಭೇದಿ ತರುವ ಸಿಹಿನೀರನ್ನು ನಾಲಿಗೆ ಕಂಡುಹಿಡಿಯಲಾರದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಈ ಸೀಮೆಯ ನೀರಿನ ಲೆಕ್ಕ ಬುಡಮೇಲಾಯಿತು. ಗಣಿಗೆ ಕೆಳಗೆ ನೀರು ಬೇಡ, ಮೇಲೆ ನೀರು ಬೇಕು. ಸುರಂಗಕ್ಕೆ ಜಿನುಗುವ ನೀರನ್ನು ಹಗಲೂ ರಾತ್ರಿ ಪಂಪ್ ಮಾಡಿ ಹೊರಹಾಕಬೇಕು. ಮೇಲೆ ಉಗಿಯಂತ್ರದ ಬಾಯ್ಲರಿಗೆ, ಅದಿರು ಕುಟ್ಟುವ ಗಿರಣಿಗೆ, ಸೈನೈಡ್ ತೊಟ್ಟಿಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತಮಿಳು, ತೆಲುಗು ಸೀಮೆಗಳಿಂದ ಬಂದು ಲೈನುಗಳಲ್ಲಿ ಒತ್ತೊತ್ತಾಗಿ ನೆಲೆಸಿದ ಸಾವಿರಾರು ಕೂಲಿ ಸಂಸಾರಗಳಿಗೆ ನೀರು ಬೇಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬೇತಮಂಗಲದ ನೀರನ್ನು ಕೊಳವೆಯಲ್ಲಿ ಗಣಿಗೆ ತಂದ ಕೆಲಸಕ್ಕೆ ಅಷ್ಟು ಹೆಸರು ಬರಲಿಲ್ಲ. ಆದರೆ ಲೈನಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸಿಗೆ ಇವೆರಡರಲ್ಲಿ ಯಾವುದು ದೊಡ್ಡದೆಂದು ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು.

ಗಣಿ ಕಂಪನಿಗಳಿಗೆ ಶುದ್ಧ ನೀರಿನ ಮೇಲೆ ಅಷ್ಟು ಆಸಕ್ತಿ ಬಂದದ್ದು ಬರೀ ಕರುಣೆಯಿಂದಲ್ಲ. ಕಾಲರಾ ಬಂದರೆ ಕೂಲಿಗಳು ಸಾಯುತ್ತಾರೆ, ಉಳಿದವರು ಊರಿಗೆ ಓಡುತ್ತಾರೆ, ಗಣಿ ನಿಲ್ಲುತ್ತದೆ. ನೀರು ಶೋಧಿಸಿದರೆ ಕಾಲರಾ ತಡೆಯಬಹುದು ಎಂಬುದಕ್ಕೆ ಆಗಷ್ಟೇ ಜಗತ್ತಿಗೆ ದೊಡ್ಡ ಸಾಕ್ಷಿ ಸಿಕ್ಕಿತ್ತು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾದಿಂದ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ತಾಗಿಕೊಂಡಿದ್ದ ಆಲ್ಟೋನಾ ಪಟ್ಟಣ ಅದೇ ಎಲ್ಬೆ ಹೊಳೆಯ ನೀರನ್ನು, ಅದೂ ಹ್ಯಾಂಬರ್ಗ್‌ನ ಕೊಳೆ ಸೇರಿದ ಮೇಲಿನ ನೀರನ್ನು ಕುಡಿಯುತ್ತಿದ್ದರೂ ಬಹುಮಟ್ಟಿಗೆ ಪಾರಾಯಿತು. ವ್ಯತ್ಯಾಸವಿದ್ದದ್ದು ಇಷ್ಟೇ: ಆಲ್ಟೋನಾ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಕುಡಿಯುತ್ತಿತ್ತು.

ಮರಳು ಮಾಡಿದ್ದೇನು? ಜರಡಿಯ ಕೆಲಸವೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬ್ಯಾಕ್ಟೀರಿಯಾ ಮರಳಿನ ಕಣಗಳ ನಡುವಿನ ಸಂದಿಗಿಂತ ಎಷ್ಟೋ ಚಿಕ್ಕದು. ಹೊಸದಾಗಿ ತೊಳೆದು ಹಾಕಿದ ಮರಳು ನೀರನ್ನು ಅಷ್ಟೇನೂ ಶುದ್ಧ ಮಾಡುವುದಿಲ್ಲ. ಕೆಲವು ದಿನ ಕಳೆದು ಮರಳಿನ ಮೇಲೆ ಲೋಳೆಯಂಥ ಪೊರೆ ಕಟ್ಟಬೇಕು. ಪಾಚಿ, ಬ್ಯಾಕ್ಟೀರಿಯಾ, ಅವನ್ನು ತಿನ್ನುವ ಏಕಕೋಶ ಜೀವಿಗಳು ಎಲ್ಲ ಸೇರಿದ ಆ ಪೊರೆಯೇ ಕೆಲಸ ಮಾಡುವುದು. ಅಂದರೆ ಜೀವಾಣುಗಳನ್ನು ತೆಗೆದದ್ದು ಜೀವಾಣುಗಳೇ. ಕೊಳೆ ಎಂದು ಕೆರೆದು ಹಾಕಬೇಕೆನಿಸುವ ಪದರವೇ ನೀರನ್ನು ಕಾಯುತ್ತಿತ್ತು ಎಂಬ ಈ ಸಂಗತಿ ಮುಂದೆ ಮತ್ತೆ ಬರುತ್ತದೆ.

ಇದೆಲ್ಲ ಗೊತ್ತಾದದ್ದು ಹೇಗೆ? ಇಲ್ಲಿ ಕಡಲು ಕತೆಯೊಳಗೆ ಬರುತ್ತದೆ. ನೀರಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದೆ ಎಂದು ಎಣಿಸಲು ಅವನ್ನು ಗಟ್ಟಿಯಾದ ಆಹಾರದ ಮೇಲೆ ಬೆಳೆಸಬೇಕು. ಒಂದೊಂದು ಜೀವಾಣುವೂ ಒಂದೊಂದು ಚುಕ್ಕೆಯಾಗಿ ಬೆಳೆದಾಗ ಚುಕ್ಕೆಗಳನ್ನು ಎಣಿಸಬೇಕು. ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ಮೊದಲು ಇದಕ್ಕೆ ಬಳಸುತ್ತಿದ್ದದ್ದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್. ಬೇಸಿಗೆ ಬಂದರೆ ಅದು ಕರಗಿ ನೀರಾಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾಗಳಂತೂ ಅದನ್ನೇ ತಿಂದು ಕರಗಿಸಿಬಿಡುತ್ತಿದ್ದವು. ಅಲ್ಲಿ ಕೆಲಸಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ 1881ರ ಸುಮಾರಿಗೆ ದಾರಿ ತೋರಿಸಿದಳು. ಜಾವಾದಲ್ಲಿದ್ದು ಬಂದ ಪರಿಚಯದವರಿಂದ ಅವಳು ಕಲಿತದ್ದು ಅಗರ್ ಎಂಬ ಕಡಲಪಾಚಿಯ ಅಂಟು ಹಾಕಿ ಸಿಹಿ ತಿನಿಸು ಮಾಡುವ ವಿದ್ಯೆ. ಏಷ್ಯಾದ ಅಡಿಗೆಮನೆಯಿಂದ ಹೊರಟ ಕಡಲಪಾಚಿ ಯುರೋಪಿನ ಪ್ರಯೋಗಾಲಯಕ್ಕೆ ಹೋಯಿತು, ಅಲ್ಲಿಂದ ಜಗತ್ತಿನ ಎಲ್ಲ ನೀರು ಪರೀಕ್ಷಾ ಕೇಂದ್ರಗಳಿಗೆ. ಕುದಿಯುವ ಹತ್ತಿರಕ್ಕೆ ಕಾಯಿಸಿದರೆ ಮಾತ್ರ ಕರಗುವ, ಒಮ್ಮೆ ಹೆಪ್ಪುಗಟ್ಟಿದ ಮೇಲೆ ಕೋಲಾರದ ಏಪ್ರಿಲ್ ಬಿಸಿಲಿಗೂ ಜಗ್ಗದ ಅಗರ್ ಬಾರದಿದ್ದರೆ ನಮ್ಮಂಥ ಬಿಸಿ ನಾಡಿನಲ್ಲಿ ನೀರಿನ ಜೀವಾಣು ಎಣಿಸುವುದು ಬಹಳ ಕಷ್ಟವಾಗುತ್ತಿತ್ತು. ಫ್ಯಾನಿಯ ಹೆಸರು ಕಾಕ್‌ನ ಲೇಖನದಲ್ಲಿ ಬರಲಿಲ್ಲ. ಅಗರ್ ಬರುವ ಹೊತ್ತಿಗೆ ಅಡಿಗೆಮನೆ ಮರೆತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಅಗರ್ ಬರುವುದು ನಿಂತಾಗ ಇಂಡಿಯಾ ತನ್ನ ಕರಾವಳಿಯ ಕಡೆ ತಿರುಗಿ ನೋಡಿತು. ಕೋರಮಂಡಲ್ ತೀರದ ದಕ್ಷಿಣದ ತುದಿಯಿಂದಲೂ ಕೆಳಗೆ, ರಾಮನಾಥಪುರದ ಮಂಡಪಮ್ ಸುತ್ತ ಅಗರ್ ಕೊಡುವ ಪಾಚಿಗಳಿದ್ದವು. ಅವುಗಳಲ್ಲೊಂದನ್ನು ಅಲ್ಲಿಯವರು ಕಂಜಿ ಪಾಸಿ ಎನ್ನುತ್ತಾರೆ. ನಮ್ಮ ಪಾಚಿ, ಅವರ ಪಾಸಿ. ನಡುಮಟ್ಟದ ನೀರಿನಲ್ಲಿ ಮುಳುಗಿ ಬಂಡೆಯಿಂದ ಪಾಚಿ ಕಿತ್ತು ತರುವ ಕೆಲಸ ಬಹುಪಾಲು ಮೀನುಗಾರ ಹೆಂಗಸರದು. ಕೆಜಿಎಫ್ ಆಸ್ಪತ್ರೆಯಲ್ಲೋ ಬೆಂಗಳೂರಿನ ಪ್ರಯೋಗಾಲಯದಲ್ಲೋ ಗಾಜಿನ ತಟ್ಟೆಯ ಮೇಲೆ ನೀರಿನ ಹನಿ ಬಿಟ್ಟವರು ಈ ಹೆಂಗಸರನ್ನು ನೆನೆದಿರಲಿಕ್ಕಿಲ್ಲ.

ಅದೇ ಕಡಲಲ್ಲಿ ಈ 25 ವರ್ಷಗಳಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಕೋಲಾರದ ಕೆರೆಯಲ್ಲಿ ಆಗುತ್ತಿರುವುದನ್ನು ಅರ್ಥಮಾಡಿಕೊಳ್ಳಲು ಅದು ಸಹಾಯವಾಗುತ್ತದೆ. ಕಪ್ಪಾಫೈಕಸ್ ಎಂಬ ಹೊರದೇಶದ ಪಾಚಿಯನ್ನು ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ತರಿಸಿತು. ಅಗರ್ ಅಲ್ಲ, ಕ್ಯಾರಗೀನನ್ ಎಂಬ ಬೇರೆ ಅಂಟು ಕೊಡುವ ಪಾಚಿ ಅದು. ಐಸ್‌ಕ್ರೀಮಿಗೆ, ಟೂತ್‌ಪೇಸ್ಟಿಗೆ ಬೇಕಾದದ್ದು. 2000ರ ನಂತರ ಪೆಪ್ಸಿ ಕಂಪನಿಯ ಒಪ್ಪಂದದ ಮೇಲೆ ಮಂಡಪಮ್ ಸುತ್ತ ಬಿದಿರಿನ ತೆಪ್ಪ ಕಟ್ಟಿ ಬೆಳೆಸತೊಡಗಿದರು. ಊರವರು ಅದಕ್ಕೆ ಪೆಪ್ಸಿ ಪಾಸಿ ಎಂದೇ ಹೆಸರಿಟ್ಟರು. ಹಣ ಬಂತು. 2013ರ ಹೊತ್ತಿಗೆ ತೆಪ್ಪಗಳ ಮೇಲೆ ಪಾಚಿ ಬೆಳ್ಳಗಾಗಿ, ಕೊಳೆತು, ಉದುರಿಹೋಯಿತು. ಫಿಲಿಪ್ಪೀನ್ಸ್ ಬೆಳೆಗಾರರು ಎಪ್ಪತ್ತರ ದಶಕದಿಂದಲೇ ಕಂಡಿದ್ದ ಈ ರೋಗವನ್ನು ಐಸ್-ಐಸ್ ಎನ್ನುತ್ತಾರೆ: ಹಸಿರು ಕೊಂಬೆ ಮಂಜುಗಡ್ಡೆಯಂತೆ ಬಿಳುಪಾಗುತ್ತದೆ.

ಅದು ಯಾವುದೋ ಹೊಸ ರೋಗಾಣು ಹೊರಗಿನಿಂದ ಬಂದು ಮಾಡಿದ ಅನಾಹುತವಲ್ಲ. ಬಿಳುಪಾದ ಕಡೆ ಸಿಗುವ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾಗಳು ಆರೋಗ್ಯವಾಗಿರುವ ಪಾಚಿಯ ಮೈಮೇಲೂ ಇರುತ್ತವೆ. ನೀರು ಬಿಸಿಯೇರಿದಾಗ, ಮಳೆನೀರು ಸೇರಿ ಉಪ್ಪು ಕಡಿಮೆಯಾದಾಗ, ಅಲೆಯ ಓಡಾಟ ನಿಂತಾಗ ಪಾಚಿ ಸೊರಗುತ್ತದೆ. ಸೊರಗಿದ ಪಾಚಿಯ ಮೇಲೆ ಅದುವರೆಗೆ ತೆಪ್ಪಗಿದ್ದ ಅವೇ ಬ್ಯಾಕ್ಟೀರಿಯಾಗಳು ಏರಿಬರುತ್ತವೆ. ರೈತನಿಗೆ ಇದು ಹೊಸದಲ್ಲ. ಬೆಳೆ ಬಾಡಿದ ಮೇಲೆ ಹುಳ ಬೀಳುವುದನ್ನು ಅವನು ನೋಡಿದ್ದಾನೆ. ಜೀವಾಣುವನ್ನು ಹುಡುಕುವವನು ಮೊದಲು ನೀರನ್ನು ನೋಡಬೇಕು ಎಂಬುದು ಮಂಡಪಮ್‌ನ ತೆಪ್ಪದ ಮೇಲೆ ನಿಂತವರಿಗೆ ನಷ್ಟದ ಬೆಲೆ ಕೊಟ್ಟು ಗೊತ್ತಾದ ವಿಷಯ.

ಇದೇ ಮಾತನ್ನು ಬಹಳ ಹಿಂದೆ ಕೆರೆಗಳ ಬಗ್ಗೆ ಹೇಳಿದವರು ಇದ್ದರು. ವಸಾಹತು ಕಾಲದ ಆರೋಗ್ಯಾಧಿಕಾರಿ ಡಬ್ಲ್ಯು. ಡಬ್ಲ್ಯು. ಕ್ಲೆಮೆಷಾ 1912ರಲ್ಲಿ ಉಷ್ಣವಲಯದ ಮೇಲ್ಮೈ ನೀರುಗಳ ಬ್ಯಾಕ್ಟೀರಿಯಾ ಶಾಸ್ತ್ರದ ಮೇಲೆ ಒಂದು ಪುಸ್ತಕವನ್ನೇ ಬರೆದ. ಇಂಗ್ಲೆಂಡಿನ ಅಳತೆಗೋಲು ಹಿಡಿದರೆ ಇಲ್ಲಿನ ಎಲ್ಲ ಕೆರೆಯೂ ಕೆಟ್ಟದ್ದೇ ಆಗುತ್ತದೆ. ಇಲ್ಲಿನ ಬಿಸಿಲು, ಇಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುವ ರೀತಿ ಬೇರೆ, ಯಾವ ಬ್ಯಾಕ್ಟೀರಿಯಾ ಎಷ್ಟು ದಿನ ಬದುಕುತ್ತದೆ ಎಂಬುದೂ ಬೇರೆ ಎಂಬುದು ಅವನ ವಾದ. ನಿಂತ ನೀರು ಕೊಳೆಯುತ್ತದೆ ಎಂಬುದು ನಮ್ಮ ಗಾದೆಯ ಬುದ್ಧಿ. ದೊಡ್ಡ ಕೆರೆಯಲ್ಲಿ ಬಿಸಿಲಿಗೆ ನಿಂತ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾಗಳು ಸಾಯುತ್ತವೆ ಎಂಬುದು ಕ್ಲೆಮೆಷಾ ಎಣಿಸಿ ಕಂಡದ್ದು. ಕೆರೆಯೂ ಒಂದು ಶುದ್ಧೀಕರಣ ಘಟಕವೇ, ಅದಕ್ಕೆ ತಡೆಯುವಷ್ಟು ಹೊರೆ ಹಾಕಿದರೆ.

ಈಗ ಬೆಂಗಳೂರಿಗೆ ಬರೋಣ. ಕೋಲಾರದ ಇಂದಿನ ನೀರಿನ ಜಗಳಕ್ಕೆ ನೂರು ವರ್ಷದ ಹಿಂದಿನ ಬೇರು ಇಲ್ಲಿದೆ.

ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರ್ ನಗರದ ಕೊಳಚೆ ನೀರಿನ ರಸಾಯನ ತಜ್ಞ. ಅವನ ಜೊತೆಗಾರ ಮಮ್‌ಫರ್ಡ್‌ಗೆ ಕಲ್ಲಿದ್ದಲು ಗಣಿಯೊಂದರಿಂದ ಬರುವ ಕಬ್ಬಿಣದ ಅಂಶದ ನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಎಂ-7 ಎಂದು ಗುರುತು ಹಾಕಿದರು. ಗಾಳಿಯೂದಿ, ಸ್ವಲ್ಪ ಕಬ್ಬಿಣದ ಲವಣ ಸೇರಿಸಿದರೆ ಅದು ಕೊಳಚೆಯನ್ನು ತಿಳಿಗೊಳಿಸುತ್ತಿತ್ತು. ಗಣಿಯ ನೀರಿನ ಜೀವಾಣು ಪಟ್ಟಣದ ಕೊಳೆ ತೊಳೆದೀತೆಂಬ ಆಸೆ ಹುಟ್ಟಿತು. 1912ರಲ್ಲಿ ಫೌಲರ್ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರಕ್ಕೆ ಹೋದಾಗ ಅಲ್ಲಿ ಪಾಚಿ ಬೆಳೆದ ಕೊಳಚೆಗೆ ಗಾಳಿಯೂದಿ ಶುದ್ಧ ಮಾಡುವ ಪ್ರಯೋಗ ನೋಡಿದ. ಊರಿಗೆ ಮರಳಿ ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬಿಬ್ಬರನ್ನು ಇಂಥ ಪ್ರಯೋಗಕ್ಕೆ ಹಚ್ಚಿದ.

ಅವರು ಸೀಸೆಗೆ ಕೊಳಚೆ ತುಂಬಿ, ಪಾಚಿ ಬೆಳೆಯದಂತೆ ಕಂದು ಕಾಗದ ಸುತ್ತಿ, ಗಾಳಿಯೂದಿದರು. ಪೂರ್ತಿ ಶುದ್ಧವಾಗಲು ಮೊದಲ ಸಲ ಸುಮಾರು ಐದು ವಾರ ಬೇಕಾಯಿತು. ಯಾರಿಗೂ ಉಪಯೋಗವಿಲ್ಲದ ವೇಗ. ಆಮೇಲೆ ಅವರು ಮಾಡಿದ್ದು ನಮ್ಮ ಯಾವ ಅಜ್ಜಿಗಾದರೂ ಹೊಳೆಯುತ್ತಿದ್ದ ಕೆಲಸ. ತಿಳಿಯಾದ ನೀರನ್ನು ಬಸಿದು, ಕೆಳಗೆ ಕೂತ ಗಸಿಯನ್ನು ಚೆಲ್ಲದೆ ಉಳಿಸಿ, ಅದರ ಮೇಲೆ ಹೊಸ ಕೊಳಚೆ ಹುಯ್ದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಪ್ರತಿ ಸಲವೂ ಗಸಿ ಹೆಚ್ಚಿತು, ಸಮಯ ಕಡಿಮೆಯಾಯಿತು; ಐದು ವಾರದ ಕೆಲಸ ಒಂದು ದಿನದೊಳಕ್ಕೆ ಬಂತು. ಅದುವರೆಗೆ ಕೊಳಚೆ ಘಟಕಗಳವರು ಎಲ್ಲಿ ಸುರಿಯುವುದೆಂದು ಒದ್ದಾಡುತ್ತಿದ್ದ ಗಸಿಯೇ ಕೆಲಸಗಾರರ ಪಡೆ ಎಂದು ಗೊತ್ತಾಯಿತು. ಎಂ-7 ಒಂದೇ ಅಲ್ಲ, ನೂರಾರು ಜಾತಿಯ ಜೀವಾಣುಗಳ ಸಂತೆ ಅದು. 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರ್‌ನಲ್ಲಿ ಇದನ್ನು ಸಭೆಗೆ ತಿಳಿಸಿದರು. ಲೇಖಕರ ಸಾಲಿನಲ್ಲಿ ಫೌಲರ್ ಹೆಸರಿಲ್ಲ. ಇವತ್ತು ಜಗತ್ತಿನ ದೊಡ್ಡ ನಗರಗಳ ಬಹುಪಾಲು ಕೊಳಚೆ ಶುದ್ಧವಾಗುವುದು ಈ ಕ್ರಮದಿಂದ ಅಥವಾ ಇದರ ಮಕ್ಕಳು ಮೊಮ್ಮಕ್ಕಳಿಂದ.

ಎರಡೇ ವರ್ಷಕ್ಕೆ, 1916ರಲ್ಲಿ, ಫೌಲರ್ ಬೆಂಗಳೂರಿಗೆ ಬಂದ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾಗಿ ಹಲವು ವರ್ಷ ಇದ್ದ. ಕೊಳಚೆ ಎಂದರೆ ಅವನಿಗೆ ಹೊಲದಿಂದ ಊರಿಗೆ ಬಂದು ಹೊಲಕ್ಕೆ ವಾಪಸಾಗಬೇಕಾದ ಸಾರಜನಕ. ಗೊಬ್ಬರವನ್ನು ಹೊಳೆಗೆ ಚೆಲ್ಲುವುದು ಅವನ ಕಣ್ಣಿಗೆ ಪೋಲು.

ಅವನು ಹೋದ ಮೇಲೂ ಬೆಂಗಳೂರಿನಲ್ಲಿ ಆ ಕೆಲಸ ನಿಲ್ಲಲಿಲ್ಲ. ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಪ್ರಕಟಿಸಿದರು. ಕೊಳಚೆಯನ್ನು ತಿಳಿಗೊಳಿಸುವುದು ಬ್ಯಾಕ್ಟೀರಿಯಾ ಎಂದು ಲೋಕವೆಲ್ಲ ನಂಬಿದ್ದಾಗ ಅವರು ಗಸಿಯೊಳಗಿನ ಪ್ರೋಟೊಜೋವಾಗಳ ಕಡೆ ಬೆರಳು ತೋರಿಸಿದರು. ಎಪಿಸ್ಟೈಲಿಸ್ ಎಂಬ, ತೊಟ್ಟಿನ ಮೇಲೆ ಗಂಟೆಯಂತೆ ಕೂತು ರೋಮಗಳನ್ನು ಬೀಸುತ್ತಾ ಬ್ಯಾಕ್ಟೀರಿಯಾಗಳನ್ನು ಬಾಯಿಗೆ ಎಳೆದುಕೊಳ್ಳುವ ಜೀವಿ ಇದರಲ್ಲಿ ಮುಖ್ಯ. ಅವರ ವಾದ ಆ ಹೊತ್ತಿಗೆ ಅತಿಯೆನಿಸಿತು. ಬ್ಯಾಕ್ಟೀರಿಯಾದ ಪಾಲನ್ನು ಅವರು ತೀರ ಕಡಿಮೆ ಮಾಡಿದ್ದರು ಎಂದು ನನಗೂ ಅನ್ನಿಸುತ್ತದೆ. ಆದರೆ 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳು ಇಂಥ ಜೀವಿಗಳಿಲ್ಲದ ಘಟಕದಿಂದ ಬರುವ ನೀರು ಕದಡಿರುತ್ತದೆ, ಅವು ಇದ್ದರೆ ತಿಳಿಯಾಗುತ್ತದೆ ಎಂದು ತೋರಿಸಿಕೊಟ್ಟವು. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಅವರನ್ನು ನಾವು ನೆನೆಯುವುದು ಆ ಕಾರಣಕ್ಕೆ, ಕೊಳಚೆಯ ಕಾರಣಕ್ಕಲ್ಲ.

ಕೊಳಚೆ ಶುದ್ಧೀಕರಣ ಬೆಂಗಳೂರಿಗೆ ಹೊರಗಿನಿಂದ ಬಂದ ಯಂತ್ರವಿದ್ಯೆ ಮಾತ್ರವಲ್ಲ ಎಂಬುದಕ್ಕೆ ಇಷ್ಟು ಹೇಳಿದೆ. ಅದರ ಬುಡದ ವಿಜ್ಞಾನದಲ್ಲಿ ಈ ಊರಿನ ಕೈಯಿದೆ. ಹಾಗಿದ್ದೂ ಆ ಊರು ತನ್ನ ಕೊಳಚೆಯನ್ನು ದಶಕಗಳ ಕಾಲ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಬಿಟ್ಟು, ಕೊನೆಗೆ ಕೆರೆಯ ಮೇಲೆ ಬೆಂಕಿ ಹತ್ತುವವರೆಗೆ ನೋಡುತ್ತಾ ಕೂತದ್ದು ಹೇಗೆ ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ.

ಈ ನಡುವೆ ಚಿನ್ನದ ಗಣಿ ಮುಗಿಯುತ್ತಾ ಬಂದಿತ್ತು. 1956ರಲ್ಲಿ ಸರ್ಕಾರದ ಕೈಗೆ ಬಂದ ಗಣಿಗಳು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ಅದಿರು ತೆಳುವಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಪಂಪ್ ನಿಂತ ಸುರಂಗಗಳಿಗೆ ನೀರು ತುಂಬಿತು. ನೀರಿಲ್ಲದ ಊರಿನ ಅಡಿಯಲ್ಲಿ ಮುಟ್ಟಲಾಗದ ನೀರು. ಮೇಲೆ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚಿನ ಗಿರಣಿ ಮಣ್ಣು, ಊರವರ ಮಾತಿನಲ್ಲಿ ಸೈನೈಡ್ ದಿಬ್ಬ. ಬಿಸಿಲಿಗೆ, ಜೀವಾಣುಗಳಿಗೆ ಸೈನೈಡ್ ಕಾಲಕ್ರಮೇಣ ಒಡೆಯುತ್ತದೆ. ಅದಿರಿನೊಂದಿಗೆ ಮೇಲೆ ಬಂದ ಲೋಹದ ಅಂಶಗಳನ್ನು ಒಡೆಯುವ ಜೀವಾಣು ಯಾವುದೂ ಇಲ್ಲ. ಗಾಳಿ ಬೀಸಿದಾಗ ಆ ದೂಳು ಮನೆಯೊಳಗೆ, ಮಳೆ ಬಂದಾಗ ಹಳ್ಳಕ್ಕೆ. ಬೇತಮಂಗಲದ ಕೆರೆ ಮಳೆಯಿಲ್ಲದ ವರ್ಷಗಳಲ್ಲಿ ಬತ್ತಿತು. ಜನ ಬೋರ್‌ವೆಲ್‌ಗೆ, ಟ್ಯಾಂಕರಿಗೆ, ಕ್ಯಾನಿಗೆ ಬಂದರು. ಕೋಲಾರದ ಬೋರ್ ಸಾವಿರ ಅಡಿ ದಾಟಿದ್ದು ಈಗ ಯಾರಿಗೂ ಸುದ್ದಿಯಲ್ಲ. ಆ ಆಳದ ಕಲ್ಲಿನ ನೀರಿನಲ್ಲಿ ಫ್ಲೋರೈಡ್. ಮಕ್ಕಳ ಹಲ್ಲಿನ ಕಂದು ಕಲೆ, ಮುದುಕರ ಬಗ್ಗದ ಮೊಣಕಾಲು. ಆ ನೀರು ಕನ್ನಡಿಯಂತೆ ತಿಳಿಯಾಗಿತ್ತು, ಜೀವಾಣುವೂ ಇರಲಿಲ್ಲ.

ಇಂಥ ಸೀಮೆಗೆ 2018ರ ಜೂನ್‌ನಲ್ಲಿ ನೀರು ಬಂತು. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಪಂಪ್ ಮಾಡಿ, ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಯೋಜನೆ. ಮೊದಲು ಲಕ್ಷ್ಮೀಸಾಗರ ಕೆರೆ ತುಂಬಿತು. ವರ್ಷಗಟ್ಟಲೆ ಬಿರುಕುಬಿಟ್ಟಿದ್ದ ಕೆರೆಗೆ ನೀರು ನುಗ್ಗಿದಾಗ ಪೂಜೆ ಮಾಡಿದವರನ್ನು ಕಂಡು ನಗುವವನು ಆ ಸೀಮೆಯಲ್ಲಿ ಬದುಕಿಲ್ಲದವನು. ಒಂದೆರಡು ತಿಂಗಳಲ್ಲಿ ಕೆರೆಯಲ್ಲಿ ನೊರೆ ಕಾಣಿಸಿತು. ಶಾಶ್ವತ ನೀರಾವರಿ ಹೋರಾಟ ಸಮಿತಿ ನ್ಯಾಯಾಲಯಕ್ಕೆ ಹೋಯಿತು. 2018ರ ಜುಲೈನಲ್ಲಿ ಹೈಕೋರ್ಟ್ ತಡೆ, ಆಮೇಲೆ ಅನುಮತಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ, ಅದೇ ವರ್ಷ ಅದೂ ತೆರವು. ನೀರು ಹರಿಯುತ್ತಲೇ ಇದೆ.

ಎರಡನೆಯ ಹಂತ ಎಂದರೆ ಫೌಲರ್ ಕಾಲದ ಅದೇ ಹೆಪ್ಪು. ಗಾಳಿಯೂದಿದ ತೊಟ್ಟಿಯಲ್ಲಿ ಜೀವಾಣುಗಳು ಕೊಳೆಯುವ ಪದಾರ್ಥವನ್ನು ತಿಂದು ಗಸಿಯಾಗಿ ಕೂರುತ್ತವೆ. ಅಷ್ಟರ ಮಟ್ಟಿಗೆ ಅವು ಪ್ರಾಮಾಣಿಕ ಕೆಲಸಗಾರರು. ಆದರೆ ಸಾಮಾನ್ಯ ಘಟಕದಲ್ಲಿ ಸಾರಜನಕ, ರಂಜಕ ಬಹಳಷ್ಟು ಉಳಿಯುತ್ತವೆ. ಬಟ್ಟೆ ಸೋಪಿನ ಪುಡಿಯ, ಔಷಧಗಳ ಅಂಶ ಉಳಿಯುತ್ತದೆ. ಕಾರ್ಖಾನೆಯ ಲೋಹ ಬಂದಿದ್ದರೆ ಅರ್ಧ ಗಸಿಗೆ, ಅರ್ಧ ನೀರಿಗೆ. ಕರೆಂಟು ಹೋಗಿ ಗಾಳಿ ನಿಂತರೆ ಗಸಿಯಲ್ಲಿರುವ ಗಂಟೆಯಾಕಾರದ ಜೀವಿಗಳು ಮೊದಲು ಸಾಯುತ್ತವೆ, ನೀರು ಕದಡುತ್ತದೆ. ರೋಗಾಣುಗಳನ್ನು ಕೊಲ್ಲುವುದು, ರಂಜಕ ತೆಗೆಯುವುದು ಮೂರನೆಯ ಹಂತದ ಕೆಲಸ. ಅದನ್ನೂ ಮಾಡಿ ಕಳಿಸಿ ಎಂಬುದೇ ಹೋರಾಟಗಾರರ ಬೇಡಿಕೆ. ಈ ನೀರು ಕುಡಿಯಲಿಕ್ಕಲ್ಲ, ನೇರವಾಗಿ ಹೊಲಕ್ಕೂ ಅಲ್ಲ, ಅಂತರ್ಜಲ ಮರುಪೂರಣಕ್ಕೆ ಮಾತ್ರ ಎಂಬುದು ಸರ್ಕಾರದ ಉತ್ತರ. ಮಣ್ಣಿನಲ್ಲಿ ಇಳಿಯುವಾಗ ಶೋಧವಾಗುತ್ತದೆ ಎಂಬುದು ಅದರ ಒಳಮಾತು. ಮಣ್ಣಿನಲ್ಲಿ ಜೀವಂತ ಪೊರೆಯಿದ್ದರೆ, ನೀರು ನಿಧಾನವಾಗಿ ಇಳಿದರೆ ಆ ಮಾತಿನಲ್ಲಿ ಸತ್ಯವಿದೆ. ಕೋಲಾರದ ನೆಲದಡಿ ಇರುವುದು ಬಿರುಕು ಬಿಟ್ಟ ಗಟ್ಟಿ ಕಲ್ಲು. ಬಿರುಕಿಗೆ ಬಿದ್ದ ನೀರು ಮರಳಿನ ಹಾಸಿನಲ್ಲಿ ಇಳಿದಂತೆ ಇಳಿಯುವುದಿಲ್ಲ.

ಇತ್ತ ಕೆರೆಯಲ್ಲಿ, ಬಿಸಿಲು ಧಾರಾಳ, ರಂಜಕ ಧಾರಾಳ, ನಿಂತ ನೀರು. ಪಾಚಿಗೆ ಇದಕ್ಕಿಂತ ಹಬ್ಬ ಬೇರೆ ಬೇಕಿಲ್ಲ. ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವ, ಜಾತಿಯಲ್ಲಿ ಬ್ಯಾಕ್ಟೀರಿಯಾವೇ ಆದ ಮೈಕ್ರೋಸಿಸ್ಟಿಸ್‌ನಂಥವು ಇಂಥ ನೀರಿನ ಮೇಲೆ ಹಸಿರು ಬಣ್ಣ ಕಲಸಿದಂತೆ ಹರಡುತ್ತವೆ. ಹಗಲು ನೀರಿಗೆ ಆಮ್ಲಜನಕ ಕೊಡುತ್ತವೆ, ರಾತ್ರಿ ಅದನ್ನೇ ಎಳೆದುಕೊಳ್ಳುತ್ತವೆ; ಬೆಳಗಿನ ಜಾವ ಮೀನು ತೇಲುವುದು ಹೀಗೆ. ಅವುಗಳಲ್ಲಿ ಕೆಲವು ತಳಿಗಳು ವಿಷ ಉಗುಳುತ್ತವೆ, ಅದು ಕುದಿಸಿದರೂ ಹೋಗುವುದಿಲ್ಲ. ಐಸ್-ಐಸ್ ರೋಗದ ಹಾಗೆ ಇಲ್ಲೂ ಜೀವಾಣು ಹೊಸದೇನಲ್ಲ. ಅದು ಕೋಲಾರದ ಕೆರೆಗಳಲ್ಲಿ ಕೆಂಪು ಮಣ್ಣಿನ ಮಳೆನೀರು ನಿಲ್ಲುತ್ತಿದ್ದಾಗಲೂ ಇತ್ತು. ಊಟ ಸಿಕ್ಕಿದ್ದು ಈಗ.

ಹಾಗೆಂದು ಯೋಜನೆಯನ್ನು ನಿಲ್ಲಿಸಿ ಎನ್ನಲು ನನಗೆ ಮನಸ್ಸು ಬಾರದು. ಕೆರೆ ತುಂಬಿದ ಊರುಗಳಲ್ಲಿ ಬತ್ತಿದ್ದ ಬೋರ್‌ಗಳು ಮತ್ತೆ ನೀರು ಕೊಟ್ಟಿವೆ. ಟೊಮೆಟೊ, ಹಿಪ್ಪುನೇರಳೆ, ಹಾಲು ಇವೇ ಜೀವನವಾದ ಸೀಮೆಯಲ್ಲಿ ಅದು ಊಟದ ಪ್ರಶ್ನೆ. ಬೆಂಗಳೂರಿಗೆ ತನ್ನ ಹಿತ್ತಿಲ ಕೊಳೆಯನ್ನು ಸಾಗಿಸುವ ಜಾಗ ಬೇಕಿತ್ತು, ಕೋಲಾರಕ್ಕೆ ಯಾವ ನೀರಾದರೂ ಬೇಕಿತ್ತು. ಅಸಮಾನವಾದ ಇಬ್ಬರ ನಡುವೆ ಆದ ವ್ಯಾಪಾರ ಇದು. ನೂರಿಪ್ಪತ್ತು ವರ್ಷದ ಹಿಂದೆ ಚಿನ್ನಕ್ಕಾಗಿ ಬೇತಮಂಗಲದ ನೀರನ್ನು ಶೋಧಿಸಿ ಕಳಿಸಲು ಹಣ ಸಿಕ್ಕಿತ್ತು. ಟೊಮೆಟೊ ಬೆಳೆಯುವವರಿಗಾಗಿ ಮೂರನೆಯ ಹಂತಕ್ಕೆ ಹಣ ಸಿಗಲಿಲ್ಲ.

ಕೆರೆಗೆ ಬರುವ ನೀರನ್ನು ಪರೀಕ್ಷಿಸುತ್ತಾರೆ, ವರದಿ ಬರೆಯುತ್ತಾರೆ. ಕೆರೆಯ ಹಿಂದಿನ ಹಳ್ಳಿಯ ಮನೆಯ ಬೋರ್ ನೀರಿನ ಕತೆ ಬೇರೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದ ಬ್ಯಾಕ್ಟೀರಿಯಾ ಒಂದೂ ಇರಕೂಡದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಕೂಡದು, ಫ್ಲೋರೈಡ್ ಒಂದೂವರೆ ದಾಟಕೂಡದು ಎಂಬ ಭಾರತೀಯ ಮಾನಕ ಆ ನೀರಿಗೂ ಅನ್ವಯಿಸುತ್ತದೆ. ಅಗರ್ ತಟ್ಟೆ, ಇನ್‌ಕ್ಯುಬೇಟರ್ ಎಲ್ಲ ಹಳ್ಳಿಗೆ ಬರುವುದಿಲ್ಲ. ಅದಕ್ಕೆ ನಮ್ಮವರೇ ಒಂದು ಉಪಾಯ ಕಂಡುಹಿಡಿದಿದ್ದರು. ರಕ್ಷಣಾ ಸಂಶೋಧನೆಯ ಮಂಜ, ಮೌರ್ಯ, ರಾವ್ ಎಂಬ ಮೂವರು 1982ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಸಣ್ಣ ಸೀಸೆಯೊಳಗೆ ಔಷಧ ಹಚ್ಚಿ ಒಣಗಿಸಿದ ಕಾಗದದ ಚೂರು. ಗೆರೆಯವರೆಗೆ ನೀರು ತುಂಬಿ ಮುಚ್ಚಳ ಹಾಕಿ ಇಡಬೇಕು. ಮಲದ ಜೊತೆ ಬರುವ ಬ್ಯಾಕ್ಟೀರಿಯಾಗಳು ಅದರಲ್ಲಿದ್ದರೆ ಅವು ಗಂಧಕದ ಅನಿಲ ಬಿಟ್ಟು ನೀರನ್ನು ಕಪ್ಪು ಮಾಡುತ್ತವೆ. ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ಅವರ ಪೆಟ್ಟಿಗೆಯಲ್ಲಿರುವುದೂ ಇಂಥ ಸೀಸೆಯೇ. ಬೆಚ್ಚಗಿನ ಜಾಗ ಸಾಕು. ಬಂಗಾರಪೇಟೆಯ ಬೇಸಿಗೆಯಲ್ಲಿ ಅಡಿಗೆಮನೆಯ ಗೂಡೇ ಆಗುತ್ತದೆ. ಇಂದು ಸಂಜೆ ತುಂಬಿಟ್ಟರೆ ನಾಳೆ ಸಂಜೆಗೆ ಒಮ್ಮೆ ನೋಡಬೇಕು, ನಾಡಿದ್ದು ಇನ್ನೊಮ್ಮೆ.